ಹದಿನಾಲ್ಕು ಪಾಯಿಂಟ್ ಎರಡು

ಮೂರನೆಯ ಬ್ಯಾಟರಿ ಇದು, ಅಂದ ಮರ್ವ್ ಟಾನ್ಕಿನ್,
ಮೂರೂ ಸತ್ತವು, ಒಂದೇ ವರ್ಷದಲ್ಲಿ.
ಬಾನೆಟ್ ಎತ್ತಿ ಹಿಡಿದ ಕೈ ನಡುಗುತ್ತಿತ್ತು.
ಬೆಳಗಿನ ಎಂಟಕ್ಕೇ ಪೋರ್ಟ್ ಆಗಸ್ಟಾದ ಗಾಳಿ
ಬಡಗಣ ಮರುಭೂಮಿಯಿಂದ ಎದ್ದು ಬಂದು
ರೊಟ್ಟಿ ತೆಗೆದ ಹಂಚಿನ ಹಾಗೆ ಮುಖಕ್ಕೆ ತಾಗುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ,
ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ?
ಹೇಳಿದೆ. ಅವನು ನಗಲಿಲ್ಲ.
ಎಮ್ಮೆ ಬ್ಯಾಟರಿ ಅಂತಾಯಿತು, ಎತ್ತು ಯಾವುದು? ಕೇಳಿದ.

ಮೀಟರಿನ ಕೆಂಪು ಕಡ್ಡಿ, ಕಪ್ಪು ಕಡ್ಡಿ.
ಮಲಗಿದ ಗಾಡಿ: ಹನ್ನೆರಡು ಪಾಯಿಂಟ್ ಐದು.
ಎಬ್ಬಿಸಿದೆ. ಹದಿಮೂರರ ಮೇಲೊಂದು ಚೂರು.
ಪರವಾಗಿಲ್ಲ ಅನ್ನುವಷ್ಟರಲ್ಲಿ
ಹೆಡ್‌ಲೈಟು ಹಾಕು, ಅಂದೆ. ಫ್ಯಾನು. ಹಿಂದಿನ ಫ್ರಿಜ್ಜೂ.
ಹನ್ನೆರಡು.
ಹನ್ನೊಂದು ಪಾಯಿಂಟ್ ಎಂಟು.
ಬಾವಿಯ ಹಗ್ಗ ಕೈಜಾರಿದ ಹಾಗೆ ಅಂಕಿ ಇಳಿಯಿತು.

ರೇಡಿಯೊ ಹಾಕಿದ್ದು ಕ್ರಿಕೆಟ್ ಕೇಳಲಿಕ್ಕಲ್ಲ.
ಆಕ್ಸಿಲರೇಟರ್ ತುಳಿದಷ್ಟೂ, ಕಾಮೆಂಟರಿಯ ಕೆಳಗೆ
ಸೊಳ್ಳೆಯೊಂದು ಶ್ರುತಿ ಏರಿಸುತ್ತ ಬಂತು.
ಆರು ಡಯೋಡುಗಳಲ್ಲಿ ಒಂದು ಬಾಗಿಲು ಮುಚ್ಚುತ್ತಿಲ್ಲ,
ಒಳಗೆ ಬಂದದ್ದು ಒಳಗೆ ನಿಲ್ಲುತ್ತಿಲ್ಲ.

ಗಂಗಾವತಿಯ ಲಾರಿ ಅಡ್ಡೆಯಲ್ಲಿ ಇಮಾಮ್‌ಸಾಬರು
ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿಗೆ ಒತ್ತಿ,
ಹಿಡಿಯನ್ನು ನನ್ನ ಕಿವಿಗೆ ಒತ್ತಿ,
'ಏನಂತದ?' ಅನ್ನೋರು.
ಜೋಳ ಬೀಸಿದಂಗ ಐತ್ರಿ, ಅಂದರೆ ಬೇರಿಂಗು.
ಏನೂ ಅನ್ನಲ್ರಿ, ಅಂದರೆ ತಲೆಗೊಂದು ಮೊಟಕು.
ಇವತ್ತೂ ಹಿಡಿ ಕಿವಿಗಿಟ್ಟೆ. ಜೋಳವೇ. ಅದೂ ಕಲ್ಲು ಬೆರೆತದ್ದು.

ಇಂಥದ್ದೇ ಇನ್ನೊಂದು ಹಾಕಿಬಿಡು, ಅಗ್ಗದ್ದು, ಅಂದ.
ಅರವತ್ತು ಆಂಪಿಯರು. ಎಂಬತ್ತನಾಲ್ಕರ ಹೈಲಕ್ಸು.
ಆವಾಗ ಅದಕ್ಕಿದ್ದದ್ದು ಎರಡು ಕಣ್ಣು, ಒಂದು ಹಾರ್ನು.
ಈಗ ಕಾಂಗರೂ ಕಾಣಲಿಕ್ಕೆ ನಾಲ್ಕು ದೀಪ, ಫ್ರಿಜ್ಜು, ಎರಡನೆಯ ಬ್ಯಾಟರಿ,
ಮತ್ತೆ ಸೀಟಿನ ಹಿಂದಿನಿಂದ ಹೊರಟು
ಹಾಸಿಗೆಯ ತಲೆದಿಸೆಗೆ ಹೋದ ಈ ಬಿಳಿ ವೈರು.
ಇದು ಯಾವುದರದ್ದು?

ಸ್ಪ್ಯಾನರುಗಳ ಕಡೆ ನೋಡುತ್ತ ಹೇಳಿದ.
ಐರಿನ್‌ಳ ಉಸಿರಿನ ಯಂತ್ರ.
ನಿದ್ದೆಯಲ್ಲಿ ಅವಳ ಉಸಿರು ನಿಂತು ನಿಂತು ಹೊರಡುತ್ತದೆ.
ಪಿಂಬಾದ ಆಚೆ, ರಾತ್ರಿ ಮೂರಕ್ಕೆ, ಯಂತ್ರ ಸುಮ್ಮನಾಯಿತು.
ಎಬ್ಬಿಸಿದರೆ ಹೆದರುತ್ತಾಳೆಂದು ಎಬ್ಬಿಸದೆ
ಬೆಳಗಾಗುವ ತನಕ ಎಣಿಸಿದ್ದಾನೆ, ಬೆರಳು ಮಡಚಿ ಮಡಚಿ,
ಒಳಗೆ ಹೋದದ್ದು, ಹೊರಗೆ ಬಂದದ್ದು.
ಬೆಳಿಗ್ಗೆ ಎದ್ದು ಅವಳು ಚಹಾ ಕೇಳಿದಳು.
ನಾನು ಏನೂ ಹೇಳಲಿಲ್ಲ, ಅಂದ.

ಅಗ್ಗದ್ದರ ಡಬ್ಬಿ ಮುಚ್ಚಿಟ್ಟೆ.

ನೂರಾ ಹತ್ತು ಆಂಪಿಯರಿನದು ಗುರುವಾರ ಬಂತು.
ಬ್ರಾಕೆಟ್ ಕೂರಲಿಲ್ಲ, ಎರಡು ಮಿಲಿಮೀಟರ್ ಅರದಿಂದ ಉಜ್ಜಿದೆ.
ಆಮೇಲೆ ಅವನಿಗೆ ಹಳೆಯ ವೈರು ತೋರಿಸಿದೆ.
ಬಗ್ಗಿಸಿದರೆ ಮೇಲಿನ ಪ್ಲಾಸ್ಟಿಕ್ಕು
ಕರಿದ ಸಂಡಿಗೆಯ ಹಾಗೆ ಪುಡಿಯಾಗಿ ಉದುರಿತು.
ಆನೆ ಕೊಂಡು ಆಡಿನ ಹಗ್ಗ ಕಟ್ಟಬಾರದು.
ಕಿರುಬೆರಳು ದಪ್ಪದ ತಾಮ್ರ, ಬ್ಯಾಟರಿಗೆ.
ಅಷ್ಟೇ ದಪ್ಪದ್ದು ಇನ್ನೊಂದು, ಎಂಜಿನ್ನಿಂದ ಚಾಸಿಗೆ.
ಅದ್ಯಾಕೆ? ಕರೆಂಟು ಹೋಗುವುದು ಇದರಲ್ಲಲ್ಲವಾ?
ಹೋದದ್ದು ವಾಪಸ್ಸು ಬರಬೇಕಲ್ಲ, ಅಂದೆ,
ಜನ ಮರೆಯುವುದು ಬರುವ ದಾರಿಯನ್ನೇ.
ಮಾತು ತುಸು ಹೆಚ್ಚಾಯಿತು ಅನಿಸಿ
ಬಿಗಿದ ನಟ್ಟನ್ನೇ ಮತ್ತೆ ಬಿಗಿದೆ.

ಎಲ್ಲ ದೀಪ, ಫ್ಯಾನು, ಫ್ರಿಜ್ಜು ಹಾಕಿಸಿ ನೋಡಿದೆ.
ಹದಿನಾಲ್ಕು ಪಾಯಿಂಟ್ ಎರಡು.
ಅಲುಗಲಿಲ್ಲ.

ಅವನು ಅಂಕಿ ನೋಡಲಿಲ್ಲ.
ಹಿಂದೆ ಹತ್ತಿ ಯಂತ್ರದ ಗುಂಡಿ ಒತ್ತಿ
ಮಾಸ್ಕನ್ನು ಅಂಗೈಗೆ ಹಿಡಿದು ಕೂತ.
ಎಂಜಿನ್ ಆರಿಸು, ಅಂದ. ಆರಿಸಿದೆ.
ಗಾಳಿ ಬರುತ್ತಲೇ ಇತ್ತು.
ಇನ್ನೊಂದು ಕೈಯ ಹೆಬ್ಬೆರಳು
ಕಿರುಬೆರಳ ಬುಡಕ್ಕೆ ಹೋಗಿ, ಎಣಿಸಲು ಹೋಗಿ,
ಅಲ್ಲೇ ನಿಂತಿತು.