ಗೋಡೆಯಾಟ

ಬೆರ್ಗಾರಾದ ಪೆಲೋಟಾ ಅಂಗಳಕ್ಕೆ ಬೀಗ.
ನಾಲ್ಕನೇ ಮಹಡಿಯಲ್ಲಿ ನಾನು,
ಅಪ್ಪನ ಕಾಲುಚೀಲ ಸುತ್ತಿ ಮಾಡಿದ ಚೆಂಡು,
ಅಡುಗೆಮನೆಯ ಗೋಡೆ.

ಧಪ್.
ಆಚೆಯಿಂದ, ಧಪ್.
ಎಕಿ! ನನ್ನ ಜೋಡಿ ಆಟಗಾರ.
ಅವನ ಹೊಡೆತ ಯಾವಾಗಲೂ ಅರೆಗಳಿಗೆ ತಡ,
ಕೋಚ್ ಬೈದರೂ ತಿದ್ದಿರಲಿಲ್ಲ. ಈಗಲೂ ತಿದ್ದಿಲ್ಲ.

ದಿನಾ ಎಣಿಸಿದೆವು, ಗೆಲ್ಲುವವರಿಲ್ಲದ ಲೆಕ್ಕ;
ಕೆಳಮನೆಯ ಮುದುಕಿ ಪೊರಕೆಯ ಹಿಡಿಯಿಂದ ಕುಟ್ಟಿದರೆ
ಅದೂ ಒಂದು ಅಂಕ.

ಆಮೇಲೆ ಎಂಟು ದಿನ ಆ ಕಡೆ ಸದ್ದಿಲ್ಲ.
'ಅವನಜ್ಜಿಗೆ...' ಅಂದಳು ಅಮ್ಮ, ಮಾತು ಮುಗಿಸಲಿಲ್ಲ.
ನಾನು ಹೊಡೆಯಲಿಲ್ಲ.
ಗೋಡೆಗೆ ಅಂಗೈ ಇಟ್ಟು ನಿಂತೆ.
ತಣ್ಣಗಿತ್ತು. ಸುಣ್ಣ ಬೆರಳಿಗೆ ಹತ್ತಿತು.

ಒಂಬತ್ತನೆಯ ಸಂಜೆ, ಬಾಲ್ಕನಿಗಳ ಚಪ್ಪಾಳೆ ಅಡಗಿದ ಮೇಲೆ,
ಧಪ್.
ಒಂದೇ ಒಂದು.

ಬೇಕೆಂದೇ ಅರೆಗಳಿಗೆ ತಡಮಾಡಿ
ಹೊಡೆದೆ.