ಹದಿನೇಳನೆಯ ಸ್ಲೈಡು

ಜುಬೈಲು. ಪೋರ್ಟಾಕ್ಯಾಬಿನ್ನಿನಲ್ಲಿ ರಾತ್ರಿ ಒಂದೂವರೆ.
ಏಸಿ ಕೆಮ್ಮುತ್ತದೆ, ನಿಲ್ಲುತ್ತದೆ, ನೆನಪಾದಂತೆ ಮತ್ತೆ ಕೆಮ್ಮುತ್ತದೆ.
ಡೇರೆಯ ಪ್ರೊಜೆಕ್ಟರು ಮೊನ್ನೆಯ ಧೂಳುಗಾಳಿಗೆ ಕಣ್ಣು ಮುಚ್ಚಿದೆ.
ಬೆಳಗಿನ ಐದಕ್ಕೆ ಶಟ್‌ಡೌನು.
ಟ್ಯಾಂಕಿಗಿಳಿಯುವ ಅರವತ್ತು ಜನರ ಕೈಗೆ
ಕಾಗದವನ್ನಾದರೂ ಕೊಡಬೇಕು.

ಮೊಂತೇರೊ ಬಿಟ್ಟುಹೋದ ಸ್ಲೈಡುಗಳು ನಲವತ್ತಮೂರು.
ಹೋದ ತಿಂಗಳು ಎಕ್ಸಿಟ್ ಹೊಡೆಸಿಕೊಂಡು ಶಿರ್ವಕ್ಕೆ ಹೋದ,
ಹೆಲ್ಮೆಟ್ಟು ಇನ್ನೂ ಮೊಳೆಯಲ್ಲಿದೆ.
ವರ್ಡಿಗೆ ಕಳಿಸಿಬಿಡು, ಒಂದು ಗುಂಡಿಯ ಕೆಲಸ, ಎಂದರು ಮ್ಯಾನೇಜರು,
ಗುಂಡಿ ಒತ್ತಿ ಗೊತ್ತಿಲ್ಲದವರು.

ಒತ್ತಿದೆ.
ಏನೂ ಆಗಲಿಲ್ಲ.
ಆಮೇಲೆ, ಬಹಳ ಹೊತ್ತು, ಏನೂ ಆಗಲಿಲ್ಲ.
ತೆರೆದ ಕಿಟಕಿಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿದಾಗ ಸಿಕ್ಕಿತು
ಎಲ್ಲದರ ಬೆನ್ನಿಗೆ ಅಡಗಿ ಕೂತ ಪುಟ್ಟ ಪ್ರಶ್ನೆ:
ಮುಂದುವರಿಯಲೇ, ಬೇಡವೇ?
ಅರ್ಧ ಗಂಟೆಯಿಂದ ಅದು ನನ್ನ ಉತ್ತರಕ್ಕೆ ಕಾದಿತ್ತು, ಪಾಪ,
ನಾನು ಅದರ ಉತ್ತರಕ್ಕೆ.

ಎರಡನೆಯ ಸಲ ಬಂತು, ಚಿತ್ರಗಳ ಜಾಗದಲ್ಲೆಲ್ಲ ಕೆಂಪು ಗುಣಿಸು ಚಿಹ್ನೆ.
ಬರೀ ಕೊಂಡಿ ಬಂದಿತ್ತು, ಚಿತ್ರಗಳು ಊರಲ್ಲೇ ಉಳಿದಿದ್ದವು
ಮೊಂತೇರೊನ ಲ್ಯಾಪ್‌ಟಾಪಿನೊಳಗೆ.
ಕೊಂಡಿ ಬೇಡ, ಚಿತ್ರವೇ ಬರಲಿ ಎಂದೆ.
ಫೈಲು ನೆನೆಸಿಟ್ಟ ಕಡಲೆಯಂತೆ ಉಬ್ಬಿ
ಪ್ರಿಂಟರಿನ ಗಂಟಲಲ್ಲಿ ಸಿಕ್ಕಿಕೊಂಡಿತು.

ಹಾಗಾದರೆ ಬರೀ ಅಕ್ಷರ ಬರಲಿ.
ಬಂತು, ಹಗುರಾಗಿ.
ಈ ಕಂಪ್ಯೂಟರಿಗೆ ಅರಬಿ ಮೊದಲ ಪಾಠ,
ಸಾಲುಗಳೆಲ್ಲ ಬಲಗೋಡೆಗೆ ಒರಗಿ ನಿಂತವು.
ಭಟ್ಕಳ, ಗಂಗೊಳ್ಳಿಯವರಿಗೆಂದು ಅವನು ಬರೆದ ಕನ್ನಡದಲ್ಲಿ
ಒತ್ತಕ್ಷರಗಳು ಕಳಚಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವು.
ಎಬ್ಬಿಸಿ, ಎಡಕ್ಕೆ ತಂದು, ಲಿಪಿ ಬದಲಿಸಿ,
ಮೂರು ಗಂಟೆಗೆ ಪುಟಗಳು ಎಷ್ಟು ಚೊಕ್ಕ ಕಂಡವೆಂದರೆ
ಚಹಾಕ್ಕೆ ನೀರಿಟ್ಟೆ.

ಹದಿನೇಳನೆಯ ಪುಟದಲ್ಲಿ ಒಂದೇ ಶಬ್ದ: ಗ್ಯಾಸು.
ಕೆಳಗೆ ಬಿಳಿ.

ಬಿಳಿಯೆಂದರೆ ಏನೂ ಇಲ್ಲವೆಂದೇ ನಾನೂ ದಾಟಿಹೋಗುತ್ತಿದ್ದೆ.
ಮೂಲವನ್ನು ತೆರೆದು ನೋಡಿದರೆ
ಸ್ಲೈಡಿನ ಮೂಲೆಯಲ್ಲಿ, ಅವನೇ ಕೈಯಾರೆ ಎಳೆದ ಕೆಂಪು ಚೌಕದಲ್ಲಿ:
'ವಾಸನೆ ನಿಂತರೆ ಗ್ಯಾಸು ಹೋಯಿತೆಂದಲ್ಲ,
ಮೂಗು ಹೋಯಿತೆಂದು. ಹೊರಗೆ ಬನ್ನಿ.'
ಮೊದಲೇ ಹಾಕಿಟ್ಟ ಚೌಕಟ್ಟಿನಲ್ಲಿ ಕೂತ ಮಾತಷ್ಟೇ ದಾಟುತ್ತದೆ,
ಆಮೇಲೆ ಜಾಗ ಮಾಡಿಕೊಂಡು ನಿಂತದ್ದು ಲೆಕ್ಕಕ್ಕಿಲ್ಲ.
ಯಂತ್ರ ತಪ್ಪನ್ನೇನೂ ತೋರಿಸಿರಲಿಲ್ಲ.

ಚಹಾ ಆರಿತು. ಮತ್ತೆ ಮೊದಲಿನಿಂದ,
ಈ ಸಲ ಸ್ಲೈಡಿನ ಪಕ್ಕದಲ್ಲಿ ಟಿಪ್ಪಣಿ ಬರುವ ಬಗೆಯಲ್ಲಿ.
ಒಂದೊಂದು ಸ್ಲೈಡನ್ನೂ ಕತ್ತರಿಸಿ, ಬರೀ ಚಿತ್ರವಾಗಿ ಅಂಟಿಸಿ,
ನಲವತ್ತಮೂರು ಸಲ.
ಉಬ್ಬಿದ್ದು ಇಳಿಯಿತು.

ಟಿಪ್ಪಣಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.
ಅವನು ಕೇಳಿದವರಿಗೆಂದು ಬರೆದದ್ದಲ್ಲ, ತನಗೇ.
ನಾಲ್ಕನೆಯದರಲ್ಲಿ: ಇಲ್ಲಿ ನಗಿಸು.
ಒಂಬತ್ತು: ಹಿಂದಿನ ಸಾಲಿನವ ನಿದ್ದೆ ಮಾಡಿದ್ದಾನೋ ಕೇಳು.
ಹದಿನೇಳು: ನಿಧಾನ. ಎರಡು ಸಲ ಹೇಳು.
ಶೀನ ಖಾರ್ವಿಯ ಹೆಸರೆತ್ತಬೇಡ,
ತಮ್ಮ ಅಲ್ಲೇ ಕೂತಿರುತ್ತಾನೆ.

ಟಿಪ್ಪಣಿಗಳನ್ನೆಲ್ಲ ಅಳಿಸಿದೆ, ಒಂದು ಪ್ರತಿಯನ್ನು ಬಿಟ್ಟು.
ಕೆಂಪು ಚೌಕದ ಮಾತನ್ನು ಚೌಕಟ್ಟಿನೊಳಗೇ ಟೈಪಿಸಿದೆ, ದಪ್ಪಕ್ಷರದಲ್ಲಿ.
ಅರವತ್ತು ಪ್ರತಿ, ಬಿಸಿಬಿಸಿ, ಎದೆಗವಚಿಕೊಂಡು ಹೊರಟೆ.
ದೂರದ ಫ್ಲೇರಿನ ಬೆಂಕಿಗೆ ಮರಳು ಕಿತ್ತಳೆಯಾಗಿತ್ತು.

ಹೊಸ ಸೇಫ್ಟಿ ಆಫೀಸರು ತಬ್ರೇಜ್, ಹುಡುಗ.
ಉಳಿಸಿದ ಪ್ರತಿಯನ್ನು ಓದಿ ತಗ್ಗಿದ ದನಿಯಲ್ಲಿ ಕೇಳಿದ:
ತಮ್ಮ ಯಾರು?

ಎಲ್ಲರೂ ಮೊದಲ ಪುಟದಲ್ಲಿದ್ದರು.
ಒಬ್ಬ ಮಾತ್ರ ಆಗಲೇ ಹದಿನೇಳಕ್ಕೆ ಮಗುಚಿ,
ಓದುತ್ತಲೂ ಇಲ್ಲದೆ,
ಹೆಬ್ಬೆರಳಿಟ್ಟು ಹಿಡಿದುಕೊಂಡಿದ್ದ.