ನಡಾವಳಿ

ವಿಷಯ: ಅಂತರಗಂಗೆ.
ಸ್ಥಳ: ಕಿಸುಮು, ಐಸ್ ಫ್ಯಾಕ್ಟರಿಯ ಮೇಲಿನ ಕೋಣೆ.
ಕಿಟಕಿಯಾಚೆ ಲೊಲ್ವೆ. ಕೊನೆಯಿಲ್ಲದ ನೀರು
ಎಂದು ನಮ್ಮ ಹಿರಿಯರು ಕರೆದ ಸರೋವರ.
ಆ ದಿನ ನೀರೇ ಕಾಣುತ್ತಿರಲಿಲ್ಲ.
ದಡದಿಂದ ದಿಗಂತಕ್ಕೆ ಹಸಿರು,
ಮೇಲೆ ನೇರಳೆ ಹೂ ಬೇರೆ, ಯಾರದೋ ಮದುವೆಯೆಂಬಂತೆ.

ಪಡುವಣ ಗಾಳಿಗೆ ಅದು ಬೆಸ್ತರ ಪಾಲು,
ಮೂಡಣಕ್ಕೆ ತಿರುಗಿದರೆ ಬಂದರಿನವರದು,
ನಿಂತಲ್ಲೇ ಕೊಳೆತರೆ ಆಸ್ಪತ್ರೆಯದು,
ನಮ್ಮ ಕೊಳವೆಗೆ ಸಿಕ್ಕಿಕೊಂಡ ದಿನ ಮಾತ್ರ ನಮ್ಮದು.
ಹೀಗೆ ಹನ್ನೊಂದು ವರ್ಷ
ಗಾಳಿಯೇ ಇಲಾಖೆ ಹಂಚುತ್ತಿತ್ತು.

ಮ್ಯಾನೇಜರ್ ಒಚೊಲ ಗೋಡೆಗೆ ಸ್ಲೈಡ್ ಬಿಟ್ಟರು:
ನಾಲ್ಕು ವೃತ್ತ, ಒಂದನ್ನೊಂದು ಮುಟ್ಟುವಲ್ಲಿ ಹಳದಿ.
"ಇಲ್ಲಿದ್ದೇವೆ ನಾವೆಲ್ಲ" ಎಂದರು.
ಬಂದರಿನ ಇಂಜಿನಿಯರು ಗಡಿಯಾರ ನೋಡಿಕೊಂಡರು.
ನರ್ಸ್ ಅಡೋಯೊ ವಾಂತಿಭೇದಿಯ ಎಣಿಕೆ ಓದಿದಳು,
ಎರಡು ಸಲ ಓದಿದಳು,
ಫ್ಯಾನಿನ ಸದ್ದಿಗೆ ಮೊದಲ ಸಲ ಕೇಳಿಸಿರಲಿಲ್ಲ.

ಬಾಗಿಲ ಬಳಿ, ಕುರ್ಚಿ ಸಾಲದೆ,
ಮೀನುಬುಟ್ಟಿ ಮಗುಚಿ ಕೂತಿದ್ದ ನ್ಯಾಮೊಲೊ ಎದ್ದಳು:
"ಕತ್ತರಿಸುವ ಯಂತ್ರ ಬಂದರಿನದು, ಸರಿ.
ದೋಣಿ ನಮ್ಮದು, ತೋಳೂ ನಮ್ಮದು, ಸರಿ.
ಒಟ್ಟುವುದು ಆಸ್ಪತ್ರೆಯ ಹಿತ್ತಲಲ್ಲಿ, ಅದೂ ಸರಿ.
ಗಾಳಿ ಭಾನುವಾರ ತಿರುಗಿದರೆ
ಡೀಸೆಲ್ ಯಾರು ಕೊಡುತ್ತೀರಿ?"

'ವಿವರವಾಗಿ ಚರ್ಚಿಸಲಾಯಿತು'
ಎಂದು ಇಲ್ಲಿ ಬರೆದಿದ್ದೇನೆ. ಸುಳ್ಳು.
ಯಾರೂ ಬಾಯಿ ಬಿಡಲಿಲ್ಲ.
ಕೆಳಗೆ ಐಸ್ ಒಡೆಯುವ ಸದ್ದು ಬಂತು, ನಿಂತಿತು.
ಒಚೊಲ ಬೆಲ್ಟಿನಿಂದ ಗೊಂಚಲು ಬಿಚ್ಚಿ
ಒಂದು ಕೀಲಿಯನ್ನು ಎಬ್ಬಿಸತೊಡಗಿದರು.
ಉಂಗುರ ಬಿಡಲೊಲ್ಲದು. ಉಗುರು ಸೀಳಿತು.
ಮುಖ್ಯ ಕಚೇರಿ ಏನನ್ನುತ್ತದೋ ಎಂದು ಗೊಣಗುತ್ತಲೇ
ಡೀಸೆಲ್ ಕೊಠಡಿಯ ಕೀಲಿ ಮೇಜಿನ ಮೇಲಿಟ್ಟರು.

ಅವಳು ಮುಟ್ಟಲಿಲ್ಲ.
"ಲೆಕ್ಕದ ಪುಸ್ತಕವನ್ನೂ ಕೊಡಿ.
ನಾಳೆ ನೀವೇ ಕಳ್ಳಿ ಅಂದರೆ?"

ಪುಸ್ತಕ ತಂದುಕೊಟ್ಟವನು ನಾನು.
ಈಗದು ಅವಳ ಅಂಗಡಿಯಲ್ಲಿ, ತಕ್ಕಡಿಯ ಪಕ್ಕ,
ಪುಟಪುಟಕ್ಕೂ ಮೀನಿನ ಹುರುಪೆ.
ಇಂಜಿನಿಯರ ಸಹಿಯಿದೆ, ಅಡೋಯೊಳದೂ,
ಒಂದು ಭಾನುವಾರ ಇಪ್ಪತ್ತು ಲೀಟರ್,
ಎದುರಿಗೆ ಯಾರದೋ ಒದ್ದೆ ಹೆಬ್ಬೆಟ್ಟು.

ಕಳೆ ಹೋಯಿತೇ ಎಂದು ಕೇಳಬೇಡಿ.
ಹೋಗುತ್ತದೆ, ಬರುತ್ತದೆ.
ನಿನ್ನೆ ನಸುಕಿಗೆ ಮೂಡಣ ಗಾಳಿ.
ಬಂದರಿನವರ ಪಾಲು ಎಂದು
ನಾನು ಹಳೆಯ ಚಾಳಿಯಲ್ಲಿ ಬರೆದುಕೊಳ್ಳುವಷ್ಟರಲ್ಲಿ
ಬೆಸ್ತರ ಮೂರು ದೋಣಿ ಹೊರಟೇಬಿಟ್ಟಿದ್ದವು.
ಒಂದರಲ್ಲಿ, ಪ್ಯಾಂಟು ಮೊಣಕಾಲಿಗೆ ಮಡಚಿ,
ಅಂಚನ್ನು ಎರಡೂ ಕೈಯಲ್ಲಿ ಹಿಡಿದು,
ಈಜು ಬಾರದ ನಮ್ಮ ಮ್ಯಾನೇಜರು.